ಹಾಲಿನ ಲಾರಿಗೆ ಚಿಪ್ ಬೇಕೆ?



ಚಿಪ್ ಹಾಕಿಸಿದರೆ ಲಾರಿಯ ಎಳೆತ ಹೆಚ್ಚುತ್ತದೆ, ಡೀಸೆಲ್ ಉಳಿಯುತ್ತದೆ ಎಂದು ಮಾರುವವರು ಹೇಳುತ್ತಾರೆ. ಮೊದಲು ನಿಮ್ಮ ಇಂಜಿನ್ ಯಾವುದೆಂದು ತಿಳಿಯಿರಿ. ಹಳೆಯ ಮೆಕ್ಯಾನಿಕಲ್ ಪಂಪಿನ ಇಂಜಿನ್ನಿಗೆ ಚಿಪ್ಪಿನಿಂದ ಪ್ರಯೋಜನವಿಲ್ಲ. ಕಾಮನ್ ರೈಲ್ ಇಂಜಿನ್ನಿಗೆ ಅದು ಹೆಚ್ಚು ಡೀಸೆಲ್ ಹರಿಸಿಯೇ ಶಕ್ತಿ ಕೊಡುತ್ತದೆ. ಜೊತೆಗೆ ಶಾಖವೂ ಏರಿ ಟರ್ಬೊ, ಪಿಸ್ಟನ್, ಕ್ಲಚ್‌ಗಳಿಗೆ ಹೊರೆಯಾಗುತ್ತದೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್ 6 ಲಾರಿಗಳಲ್ಲಿ ಹೊಗೆ ಸೋಸುವ ಫಿಲ್ಟರ್ ಮಸಿ ಕಟ್ಟಬಹುದು; ವಾರಂಟಿಯೂ ಕೈತಪ್ಪಬಹುದು.

ಲಾರಿ ದಾರಿಯಲ್ಲಿ ನಿಂತರೆ, ಶೀತಲೀಕರಣ ಕೇಂದ್ರ ಸೇರುವ ಮುನ್ನವೇ ಕ್ಯಾನಿನ ಹಾಲು ಒಡೆಯುತ್ತದೆ. ಆ ನಷ್ಟ ಊರಿನ ಉತ್ಪಾದಕರದು.

ಆದ್ದರಿಂದ ಏರ್ ಫಿಲ್ಟರ್, ಟೈರಿನ ಗಾಳಿ, ಇಂಜೆಕ್ಟರುಗಳನ್ನು ಮೊದಲು ಸರಿಪಡಿಸಿ. ಆಮೇಲೂ ಚಿಪ್ ಬೇಕೆನಿಸಿದರೆ ತಯಾರಕರ ಅಧಿಕೃತ ಸರ್ವೀಸ್ ಕೇಂದ್ರದಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಹತ್ತು ನಿಮಿಷ ಬೇಗ ತಲುಪುವುದಕ್ಕಿಂತ ದಿನವೂ ತಪ್ಪದೆ ತಲುಪುವುದು ಲೇಸು.