ಜ್ಞಾನದಾಸೋಹವೂ ನೂತನ ಬೋಧನೋಪಕರಣಗಳೂ

(ಶ್ರೀಮಠದ ಸುವರ್ಣಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಜರುಗಿದ ಉಪನ್ಯಾಸ)

 

ಮಠದ ದಾಸೋಹದ ಮನೆಯಲ್ಲಿ ಹಸಿದು ಬಂದವನನ್ನು ‘ನಿನ್ನ ಪಾಲಿನ ಜೋಳವೆಲ್ಲಿ?’ ಎಂದು ಕೇಳುವ ವಾಡಿಕೆಯಿಲ್ಲ. ಒಂದೇ ಒಲೆಯ ಮೇಲೆ ಬೆಂದ ಅನ್ನವು ಒಂದೇ ಪಂಕ್ತಿಯಲ್ಲಿ ಕುಳಿತ ಬಡವನಿಗೂ ಬಲ್ಲಿದನಿಗೂ ಸಮನಾಗಿ ಸಲ್ಲುವದು. ಅನ್ನದಲ್ಲಿ ಪಾಲಿಸಿಕೊಂಡು ಬಂದ ಈ ನಿಯಮವನ್ನು ವಿದ್ಯೆಯಲ್ಲಿಯೂ ಪಾಲಿಸಬೇಕೆಂಬುದೇ ಇಂದಿನ ವಿಷಯದ ತಿರುಳು. ಗಣಕಯಂತ್ರ, ಬೆಳಕಿನ ಪರದೆ, ಮೊಬೈಲು, ಅಂತರ್ಜಾಲ ಇವು ಶಾಲೆಯ ಬಾಗಿಲಿಗೆ ಬಂದು ನಿಂತಿರುವವು. ಇವುಗಳಿಂದಲೇ ಮಕ್ಕಳ ಉದ್ಧಾರವೆಂದು ಕೆಲವರು ಹೇಳುವರು. ಇವುಗಳಿಂದ ಬಾಯಿಪಾಠವೂ ಗುರುಭಕ್ತಿಯೂ ಕೆಡುವವೆಂದು ಹಿರಿಯರಲ್ಲಿ ಕೆಲವರು ಅಂಜುವರು. ಎರಡೂ ಮಾತುಗಳನ್ನು ಒರೆಗೆ ಹಚ್ಚಿ ನೋಡುವದು ಯುಕ್ತವು.

ಮೊದಲನೆಯದಾಗಿ, ವಿದ್ಯೆಯ ಉಪಕರಣವು ಎಂದೂ ಒಂದೇ ಆಗಿದ್ದಿಲ್ಲ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದದ್ದು ಓಲೆಗೆ ಇಳಿಯಿತು. ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಬಂದಿತು. ಮರಳಿನ ಮೇಲೆ ತಿದ್ದುತ್ತಿದ್ದ ಬೆರಳು ಪಾಟಿಯ ಮೇಲೆ ಬಳಪ ಹಿಡಿಯಿತು. ಶರಣರ ವಚನಗಳ ಕಥೆಯೇ ಇದಕ್ಕೆ ಸಾಕ್ಷಿಯು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಓಲೆಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು, ಮುದ್ರಣಾಲಯದ ಸಲುವಾಗಿ ಸ್ವಂತದ ಮನೆಯನ್ನೇ ಮಾರಿದರು. ಅಚ್ಚಿನ ಯಂತ್ರವು ಪರದೇಶದ್ದೆಂದು ಆ ಮಹಾನುಭಾವರು ಹಿಂಜರಿದಿದ್ದರೆ ಎಷ್ಟೋ ವಚನಗಳು ಗೆದ್ದಲಿನ ಪಾಲಾಗುತ್ತಿದ್ದವು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಸಂಪುಟಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಈಗ 20,000ಕ್ಕೂ ಮಿಕ್ಕ ವಚನಗಳು ‘ವಚನ ಸಂಚಯ’ವೆಂಬ ಹೆಸರಿನಿಂದ ಅಂತರ್ಜಾಲದಲ್ಲಿ ದೊರೆಯುವವು; ಒಂದು ಶಬ್ದವನ್ನು ಕೊಟ್ಟರೆ ಅದು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂಬುದು ಕ್ಷಣದಲ್ಲಿ ಗೋಚರಿಸುವದು. ಹಿಂದೆ ಇಂತಹ ಶಬ್ದಶೋಧಕ್ಕೆ ಒಬ್ಬ ಪಂಡಿತನ ಆಯುಷ್ಯವೇ ಬೇಕಾಗುತ್ತಿದ್ದಿತು.

ಎರಡನೆಯದಾಗಿ, ಗಣಕಯಂತ್ರವು ರಬಕವಿಯವರಿಗೆ ತೀರ ಅಪರಿಚಿತವಾದ ಮಾಯೆಯಲ್ಲ. ನೇಕಾರಿಕೆಯಿಂದ ಬಾಳುವ ರಬಕವಿ-ಬನಹಟ್ಟಿಗಳಲ್ಲಿ ಜಕಾರ್ಡ್ ಎಂಬ ಹೆಸರನ್ನು ಕೇಳದವರು ವಿರಳ. ಫ್ರಾನ್ಸ್ ದೇಶದ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ ಎಂಬವನು 1804ರ ಸುಮಾರಿಗೆ ಈ ಉಪಕರಣವನ್ನು ಸಿದ್ಧಪಡಿಸಿದನು. ಇದರಲ್ಲಿ ರಟ್ಟಿನ ಪಟ್ಟಿಗಳಿಗೆ ತೂತು ಹಾಕಿರುವರು. ತೂತಿದ್ದಲ್ಲಿ ಹಾಸಿನ ಎಳೆ ಮೇಲಕ್ಕೆ ಏಳುವದು, ತೂತಿಲ್ಲದಲ್ಲಿ ಕೆಳಗೇ ಉಳಿಯುವದು. ನಡುವೆ ಲಾಳಿಯು ಹೊಕ್ಕಿನ ಎಳೆಯನ್ನು ಸಾಗಿಸುವದು. ಹೀಗೆ ‘ಉಂಟು’, ‘ಇಲ್ಲ’ ಎಂಬ ಎರಡೇ ಮಾತುಗಳಿಂದ ಸೆರಗಿನ ಮೇಲೆ ನವಿಲೂ ಹೂಬಳ್ಳಿಯೂ ಮೂಡುವವು. ಇಂಗ್ಲಂಡಿನ ಚಾರ್ಲ್ಸ್ ಬ್ಯಾಬೇಜನು ಈ ರಟ್ಟನ್ನು ಕಂಡೇ 1837ರ ಹೊತ್ತಿಗೆ ತನ್ನ ಗಣಿತಯಂತ್ರಕ್ಕೆ ತೂತಿನ ಪಟ್ಟಿಗಳಿಂದ ಆಜ್ಞೆ ಕೊಡುವ ಯೋಜನೆ ಮಾಡಿದನು. ಅಮೇರಿಕದ ಹರ್ಮನ್ ಹೋಲೆರಿಥನು 1890ರ ಜನಗಣತಿಯನ್ನು ಇಂತಹ ಪಟ್ಟಿಗಳಿಂದಲೇ ಎಣಿಸಿದನು. ಇಂದು ರಟ್ಟು ಹೋಗಿ ವಿದ್ಯುತ್ತು ಬಂದಿದೆ. ‘ಉಂಟು-ಇಲ್ಲ’ಗಳ ನ್ಯಾಯ ಮಾತ್ರ ಹಾಗೆಯೇ ಉಳಿದಿದೆ.

ಕನ್ನಡದ ಅಕ್ಷರಗಳೂ ಈ ನ್ಯಾಯಕ್ಕೆ ಒಳಪಟ್ಟಿರುವವು. ಜಗತ್ತಿನ ಲಿಪಿಗಳಿಗೆಲ್ಲ ಅಂಕೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ 1991ರಿಂದ ಕನ್ನಡಕ್ಕೆ ಸ್ಥಾನವುಂಟು. ಅದರಲ್ಲಿ ‘ಕ’ಕಾರದ ಅಂಕೆ 3221. ಇದನ್ನು ಎರಡರ ಲೆಕ್ಕದಲ್ಲಿ ಬರೆದರೆ 110010010101 ಎಂದಾಗುವದು. ಒಂದನ್ನು ತೂತೆಂದೂ ಸೊನ್ನೆಯನ್ನು ಬರಿಯ ರಟ್ಟೆಂದೂ ಎಣಿಸಿದರೆ, ಹನ್ನೆರಡು ಸ್ಥಾನಗಳಲ್ಲಿ ಆರು ತೂತು, ಆರು ಬಯಲು. ನೇಕಾರನ ಮಗುವಿಗೆ ಮಾಸ್ತರರು ಮಗ್ಗದ ಬಳಿಯಲ್ಲಿ ನಿಂತು ಇಷ್ಟನ್ನು ತೋರಿಸಿದರೆ ಗಣಕದ ಭಯ ಹೋಗುವದಲ್ಲದೆ, ತಂದೆಯ ಕಾಯಕದ ಮೇಲೆ ಅದಕ್ಕೆ ಗೌರವವೂ ಹುಟ್ಟುವದು.

ಇನ್ನು ಬೋಧನೆಯ ಮಾತು. ಪರದೆಯ ಮೇಲೆ ಪಾಠ ಹೇಳುವ ಪ್ರಯೋಗವು ಈ ಪ್ರಾಂತಕ್ಕೆ ಹೊಸದಲ್ಲವೆಂಬುದನ್ನು ಹಲವರು ಮರೆತಿರಬಹುದು. 1975ನೆಯ ಇಸವಿಯ ಆಗಸ್ಟ 1ರಿಂದ ಒಂದು ವರ್ಷದವರೆಗೆ ಭಾರತ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಉಪಗ್ರಹದ ಮೂಲಕ ದೂರದರ್ಶನದ ಪಾಠಗಳನ್ನು ಬಿತ್ತರಿಸಲಾಯಿತು. ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳು ಮೂರು: ವಿಜಾಪುರ, ಕಲಬುರ್ಗಿ, ರಾಯಚೂರು. ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ರಬಕವಿಯೂ ವಿಜಾಪುರ ಜಿಲ್ಲೆಯಲ್ಲಿಯೇ ಇದ್ದಿತು. ಹಳ್ಳಿಗೊಂದರಂತೆ ಇಟ್ಟ ಪೆಟ್ಟಿಗೆಗೆ ಸುಮಾರು ಹತ್ತು ಅಡಿ ಅಗಲದ ತಂತಿಜಾಳಿಗೆಯ ಛತ್ರವನ್ನು ಜೋಡಿಸುತ್ತಿದ್ದರು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಾಯಂಕಾಲ ದೊಡ್ಡವರಿಗೆ ಕನ್ನಡದಲ್ಲಿ ಕಾರ್ಯಕ್ರಮಗಳು ಬರುತ್ತಿದ್ದವು. ಮಾಸ್ತರರಿಗೂ ವಿಜ್ಞಾನಬೋಧನೆಯ ಹನ್ನೆರಡು ದಿವಸಗಳ ಶಿಕ್ಷಣ ದೊರೆಯಿತು. ಆದರೆ ಏ.ಟಿ.ಎಸ್.-6 ಎಂಬ ಆ ಉಪಗ್ರಹವು ಅಮೇರಿಕದ್ದು, ಎರವಲು ತಂದದ್ದು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು, ಅದರ ಪಾಠಗಳು ನಿಂತವು.

ತರುವಾಯ 2004ರ ಸಪ್ಟೆಂಬರದಲ್ಲಿ ಭಾರತವು ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಎಂಬ ಸ್ವಂತ ಉಪಗ್ರಹವನ್ನು ಹಾರಿಸಿತು. ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳು ಅದರಿಂದ ಪಾಠ ಪಡೆದವು. 2010ರಲ್ಲಿ ಅದರ ಆಯುಷ್ಯವೂ ತೀರಿತು. ಉಪಕರಣಗಳ ಸ್ವಭಾವವೇ ಇದು. ಅವು ಬರುವವು, ಕೆಲವು ದಿನ ಬೆಳಗುವವು, ಹೋಗುವವು. ಅವುಗಳಿಂದ ಮಾಸ್ತರನು ಕಲಿತದ್ದು ಮಾತ್ರ ಹೋಗುವದಿಲ್ಲ.

ಬಳಿಕ ಬಂದದ್ದು 2020ನೆಯ ಇಸವಿಯ ಮಹಾಮಾರಿಯು. ಮಾರ್ಚ ತಿಂಗಳಲ್ಲಿ ಶಾಲೆಗಳ ಬಾಗಿಲು ಮುಚ್ಚಿದವು. ಪಾಠಗಳು ಮೊಬೈಲಿಗೆ ಬಂದವು. ದೂರದರ್ಶನದ ಚಂದನ ವಾಹಿನಿಯಲ್ಲಿಯೂ ಪಾಠಗಳು ಬಂದದ್ದು ದೊಡ್ಡ ಉಪಕಾರವೇ ಸರಿ. ಆದರೆ ಕೂಲಿಯ ನೇಕಾರನ ಮನೆಯಲ್ಲಿ ಇರುವದು ಒಂದು ಮೊಬೈಲು; ಅದು ಬೆಳಿಗ್ಗೆ ತಂದೆಯ ಕಿಸೆಯಲ್ಲಿ ಹೊರಗೆ ಹೋಗುವದು. ಮಕ್ಕಳು ಮೂವರಿದ್ದರೆ ಹಿರಿಯ ಹುಡುಗನಿಗೆ ಸರದಿ ಬರುವದು, ಹುಡುಗಿಗೆ ಬರುವದಿಲ್ಲ. ಹೀಗೆ ವಿದ್ಯೆಯ ಪಂಕ್ತಿಯಲ್ಲಿ ಕೂಡ ಬಂದ ಮಗುವನ್ನು ಮೊದಲ ಬಾರಿಗೆ ‘ನಿನ್ನ ಪಾಲಿನ ಜೋಳವೆಲ್ಲಿ?’ ಎಂದು ಕೇಳಿದಂತಾಯಿತು. ಆ ಆಗಸ್ಟದಲ್ಲಿ ಸರಕಾರವು ‘ವಿದ್ಯಾಗಮ’ವೆಂಬ ಯೋಜನೆಯನ್ನು ಆರಂಭಿಸಿದಾಗ ಮಾಸ್ತರರೇ ಓಣಿಗಳಿಗೆ ಹೋಗಿ ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ರೋಗದ ಭಯದಿಂದ ಅದನ್ನು ಅಕ್ಟೋಬರದಲ್ಲಿ ನಿಲ್ಲಿಸಬೇಕಾಯಿತು. ಆದರೂ ಯಂತ್ರ ಮುಟ್ಟಲಾರದ ಮಗುವನ್ನು ಮಾಸ್ತರನ ಕಾಲು ಮುಟ್ಟಬಲ್ಲದೆಂಬುದು ಆ ಎರಡು ತಿಂಗಳುಗಳಲ್ಲಿ ಸಿದ್ಧವಾಯಿತು.

1975ಕ್ಕೂ 2020ಕ್ಕೂ ಇರುವ ಭೇದವನ್ನು ಶರಣಬಂಧುಗಳು ಮನಸ್ಸಿಟ್ಟು ವಿಚಾರಿಸಬೇಕು. ಅಂದಿನ ಯಂತ್ರವು ಒರಟಾದದ್ದು, ಆದರೆ ಊರೆಲ್ಲದರದು. ಇಂದಿನ ಯಂತ್ರವು ಸೂಕ್ಷ್ಮವಾದದ್ದು, ಆದರೆ ಒಬ್ಬೊಬ್ಬರದು. ಅಂದು ಮಕ್ಕಳು ಕೂಡಿ ನೋಡಿದರು, ಪಕ್ಕದಲ್ಲಿ ಮಾಸ್ತರನಿದ್ದನು. ಇಂದು ಮಗುವು ಮೂಲೆಯಲ್ಲಿ ಒಂಟಿಯಾಗಿ ನೋಡುವದು, ಏನು ನೋಡುತ್ತಿದೆಯೆಂಬುದನ್ನು ತಾಯಿಯೂ ಅರಿಯಳು. ದೋಷವು ಪರದೆಯಲ್ಲಿಲ್ಲ, ಬಡಿಸುವ ಕ್ರಮದಲ್ಲಿದೆ.

ಪರದೆಯಿಂದ ಆಗತಕ್ಕ ಲಾಭಗಳು ನಿಜವಾದವುಗಳೇ. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಯು ಹೇಗೆ ಹರಿದು ಬಂದು, ಆಲಮಟ್ಟಿಯ ಕಟ್ಟೆಯನ್ನು ದಾಟಿ ಬಂಗಾಲ ಉಪಸಾಗರವನ್ನು ಸೇರುವಳೆಂಬುದನ್ನು ಆಕೆಯ ನೀರು ಕುಡಿದ ಮಗುವಿಗೆ ಕಣ್ಣಾರೆ ತೋರಿಸಬಹುದು. ಗ್ರಹಣವಾಗುವ ಬಗೆ, ಹೃದಯದಿಂದ ರಕ್ತವು ಚಲಿಸುವ ಬಗೆ ಇವು ಕರಿಹಲಗೆಯ ಮೇಲಿನ ಗೆರೆಗಿಂತ ಚಲಿಸುವ ಚಿತ್ರದಲ್ಲಿ ಬೇಗನೆ ತಿಳಿಯುವವು. ಕಣ್ಣು ಕಾಣದ ಮಗುವಿಗೆ ಯಂತ್ರವು ಪುಸ್ತಕವನ್ನು ಓದಿ ಹೇಳಬಲ್ಲದು. ಆದರೆ ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ಕುಳಿತ ಹುಡುಗನಿಗೆ ಪಾಠ ತಿಳಿಯಿತೋ, ಇಲ್ಲವೆ ಹೊಟ್ಟೆ ಹಸಿದಿದೆಯೋ ಎಂಬುದನ್ನು ಪರದೆಯು ಅರಿಯದು. ಪಾಠಶಾಲೆಯಲ್ಲಿ ಗುರುಗಳು ಒಮ್ಮೆ ಹೇಳಿದ್ದನ್ನು ಶಿಷ್ಯರು ಎರಡು ಸಲ ಹೇಳುವ ಪದ್ಧತಿಯುಂಟು. ಆ ಎರಡು ಸಲದಲ್ಲಿ ಗುರುವಿನ ಕಿವಿಯು ಶಿಷ್ಯನ ತಪ್ಪನ್ನು ಹಿಡಿಯುವದು. ಹೇಳುವ ಬಾಯಿಗಿಂತ ಕೇಳುವ ಈ ಕಿವಿಯೇ ಬೋಧನೆಯ ಜೀವಾಳವು. ಯುನೆಸ್ಕೋ ಸಂಸ್ಥೆಯು ಶಿಕ್ಷಣದ ಯಂತ್ರಗಳನ್ನು ಕುರಿತು 2023ರಲ್ಲಿ ಪ್ರಕಟಿಸಿದ ವರದಿಯೂ ಯಂತ್ರವು ಮಾಸ್ತರನಿಗೆ ನೆರವಾಗಬೇಕೇ ಹೊರತು ಅವನ ಸ್ಥಾನವನ್ನು ಆಕ್ರಮಿಸಬಾರದೆಂದೇ ಎಚ್ಚರಿಸಿದೆ.

ಆದುದರಿಂದ ಶ್ರೀಮಠದ ಶಾಲೆಗೆ ಉಚಿತವಾಗಿ ತೋರುವ ಮಾರ್ಗವಿದು. ಪರದೆಯೂ ಗಣಕಗಳೂ ಶಾಲೆಯ ಸೊತ್ತಾಗಿ ಒಂದು ಸಾರ್ವಜನಿಕ ಕೋಣೆಯಲ್ಲಿರಲಿ. ಸಾಯಂಕಾಲ ಆ ಕೋಣೆಯ ಬಾಗಿಲು ಊರಿನ ಎಲ್ಲ ಶಾಲೆಗಳ ಮಕ್ಕಳಿಗೂ ತೆರೆದಿರಲಿ. ಯಂತ್ರಕ್ಕೆ ಹಣವೆತ್ತುವಾಗ ಮಾಸ್ತರರ ಶಿಕ್ಷಣಕ್ಕೂ ಪಾಲನ್ನು ಮೊದಲೇ ತೆಗೆದಿಡಲಿ. ಕಲಿಯದವನ ಕೈಯಲ್ಲಿ ಯಂತ್ರವು ಧೂಳು ತಿನ್ನುವದು. ಪಾಠಗಳನ್ನು ಶಾಲೆಯ ಸ್ವಂತ ಸಂಗ್ರಹದಲ್ಲಿ ಇಟ್ಟುಕೊಳ್ಳಲಿ. ಎರವಿನ ಉಪಗ್ರಹದಂತೆ ಅಂತರ್ಜಾಲದ ಸಂಪರ್ಕವೂ ಎಂದು ತಪ್ಪುವದೋ ಹೇಳಬರುವದಿಲ್ಲ. ಊರ ನೇಕಾರನು ಮಗ್ಗವನ್ನು ವಿವರಿಸುವ, ಒಕ್ಕಲಿಗನು ಕಬ್ಬಿನ ಬೆಳೆಯನ್ನು ವಿವರಿಸುವ ಪಾಠಗಳು ಇಲ್ಲಿಯೇ, ಇಲ್ಲಿಯ ಕನ್ನಡದಲ್ಲಿಯೇ ಸಿದ್ಧವಾಗಲಿ. ಭಕ್ತರ ಮನೆಗಳಲ್ಲಿ ಉಳಿದಿರುವ ಓಲೆಗಳ ಛಾಯಾಚಿತ್ರಗಳನ್ನು ಮಕ್ಕಳ ಕೈಯಿಂದಲೇ ತೆಗೆಯಿಸಲಿ. ಹಳಕಟ್ಟಿಯವರ ಕಾರ್ಯವು ಇನ್ನೂ ಮುಗಿದಿಲ್ಲವೆಂಬುದು ಅವರಿಗೆ ತಿಳಿಯುವದು. ಪರದೆಯನ್ನು ಆರಿಸಿದ ಮೇಲೆ ಪ್ರತಿಯೊಂದು ಮಗುವೂ ಕಂಡದ್ದನ್ನು ಪಾಟಿಯ ಮೇಲೆ ಬರೆದು, ಬಾಯಿಬಿಟ್ಟು ಹೇಳಲಿ. ಅಲ್ಲಿಯವರೆಗೆ ಪಾಠವು ಮುಗಿಯಿತೆಂದು ಭಾವಿಸತಕ್ಕದ್ದಲ್ಲ.

ಮಹೋತ್ಸವದ ಮಂಟಪವನ್ನು ನಾಲ್ಕು ದಿವಸಗಳಲ್ಲಿ ಬಿಚ್ಚುವರು. ದೀಪಗಳ ಸಾಲು ಇಳಿಯುವದು. ಭಕ್ತರ ಕಾಣಿಕೆಯಲ್ಲಿ ಒಂದು ಪಾಲು ಈ ಕೋಣೆಗೆ ಸಂದರೆ, ಆ ಒಂದು ದೀಪವು ಆರದೆ ಉಳಿಯುವದು. ಅದರ ಮುಂದೆ ಕೂಡಲು ಬಂದ ಕೂಲಿಯ ನೇಕಾರನ ಮಗಳನ್ನು ‘ನಿನ್ನ ಮೊಬೈಲು ಎಲ್ಲಿ?’ ಎಂದು ಯಾರೂ ಕೇಳದಿರಲಿ. ‘ಬಾರವ್ವ, ಕೂಡು’ ಎಂಬುದೊಂದೇ ಮಾತು ಆಕೆಯ ಕಿವಿಗೆ ಬೀಳಲಿ. ಜ್ಞಾನದಾಸೋಹವೆಂಬ ಹೆಸರು ಸಾರ್ಥಕವಾಗುವದು ಅಂದೇ.