ನಶೆಗೆ ಬಿದ್ದ ಮಗ ಮತ್ತು ನಮ್ಮ ನಾಲಿಗೆ
(ಜುಮಾ ಖುತ್ಬಾದ ಸಾರಾಂಶ)

ಸತ್ಯವಿಶ್ವಾಸಿಗಳೇ, ಅಲ್ಲಾಹನನ್ನು ಭಯಪಡಿರಿ ಎಂದು ಮೊದಲು ನನಗೂ ನಂತರ ನಿಮಗೂ ಉಪದೇಶಿಸುತ್ತೇನೆ.

ಹಿಂದೆ ನಾನಿದ್ದ ಊರಿನ ಮಸೀದಿಯಲ್ಲಿ ಒಂದು ಶುಕ್ರವಾರ ಗಾಂಜಾ, ಎಂಡಿಎಂಎ ಬಗ್ಗೆ ಖುತ್ಬಾ ಹೇಳಿದ್ದೆ. ಬಹಳ ಬಿಸಿಯಾಗಿ ಹೇಳಿದ್ದೆ. ಇಂಥ ಮಕ್ಕಳು ಮನೆಗೆ ಶಾಪ, ಮೊಹಲ್ಲಾಕ್ಕೆ ಕಳಂಕ ಎಂದೆ. ನಮಾಝ್ ಮುಗಿದ ಮೇಲೆ ಅನೇಕರು ಕೈ ಹಿಡಿದು, ಚೆನ್ನಾಗಿತ್ತು ಉಸ್ತಾದರೇ ಎಂದರು. ಮುಂದಿನ ವಾರದಿಂದ ಮೊದಲ ಸಫ್‌ನ ಒಬ್ಬರು ಕಾಣಲಿಲ್ಲ. ಬೇರೆ ಮಸೀದಿಗೆ ಹೋಗುತ್ತಿದ್ದಾರೆ ಎಂದು ತಿಳಿಯಿತು. ತಿಂಗಳುಗಳ ನಂತರ ಅವರ ಪತ್ನಿ ಮದ್ರಸದ ಗೇಟಿನ ಬಳಿ ನನಗಾಗಿ ಕಾದು ನಿಂತಿದ್ದರು. “ಮಗನನ್ನು ಎಲ್ಲಿಗೆ ಕರೆದುಕೊಂಡು ಹೋಗುವುದೆಂದು ನಿಮ್ಮ ಹತ್ತಿರವೇ ಕೇಳಬೇಕೆಂದಿದ್ದೆವು. ಆ ದಿವಸದ ಖುತ್ಬಾ ಕೇಳಿದ ಮೇಲೆ ಇವರಿಗೆ ಬಾಯಿ ಬರಲಿಲ್ಲ” ಎಂದರು. ಹುಡುಗನಿಗೆ 17 ವರ್ಷ. ಚಿಕಿತ್ಸೆ ಶುರುವಾಗಬೇಕಾಗಿದ್ದ ತಿಂಗಳುಗಳನ್ನು ನನ್ನ ನಾಲಿಗೆ ತಿಂದು ಹಾಕಿತ್ತು.

ಬುಖಾರಿಯಲ್ಲಿ ಒಂದು ಘಟನೆ ಇದೆ. ಮದೀನಾದಲ್ಲಿ ಪ್ರವಾದಿಯವರನ್ನು(ಸ) ನಗಿಸುತ್ತಿದ್ದ ಒಬ್ಬ ಸಹಾಬಿ ಇದ್ದರು. ಕುಡಿದ ತಪ್ಪಿಗಾಗಿ ಅವರನ್ನು ಪದೇ ಪದೇ ಹಿಡಿದು ತರಲಾಗುತ್ತಿತ್ತು, ಶಿಕ್ಷೆಯೂ ಆಗುತ್ತಿತ್ತು. ಒಮ್ಮೆ ಅಲ್ಲಿದ್ದ ಒಬ್ಬರು, ಎಷ್ಟು ಸಲ ಇವನನ್ನು ತರುವುದು ಎಂದು ಶಪಿಸಿದರು. ಪ್ರವಾದಿಯವರು(ಸ) ತಡೆದರು. ಶಪಿಸಬೇಡಿ, ಅವರಿಗೆ ಅಲ್ಲಾಹ ಮತ್ತು ಅವನ ರಸೂಲರ ಮೇಲೆ ಪ್ರೀತಿ ಇದೆ ಎಂಬ ಅರ್ಥದ ಮಾತು ಹೇಳಿದರು. ಇಂಥದೇ ಇನ್ನೊಂದು ವರದಿಯಲ್ಲಿ, ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ಸಹಾಯ ಮಾಡಬೇಡಿ ಎಂದು ತಿಳಿಸಿದ್ದಾರೆ. ಗಮನಿಸಿ, ಕುಡಿತ ಅಲ್ಲಿ ಹಲಾಲ್ ಆಗಲಿಲ್ಲ, ಶಿಕ್ಷೆಯೂ ತಪ್ಪಲಿಲ್ಲ. ಆದರೆ ಆ ಮನುಷ್ಯನನ್ನು ಜಮಾಅತ್‌ನಿಂದ ಹೊರಗೆ ತಳ್ಳಲು ಬಿಡಲಿಲ್ಲ. ಈ ಹದೀಸನ್ನು ನಾನು ಮದ್ರಸದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಮಿಂಬರ್ ಹತ್ತಿದಾಗ ನೆನಪಾಗಲಿಲ್ಲ.

(ಗಾಂಜಾ ಅಂದರೆ ಗಿಡ, ಕುರ್‌ಆನ್‌ನಲ್ಲಿ ಹೆಸರಿಲ್ಲ ಎಂದು ವಾದಿಸುವ ಯುವಕರಿಗೆ ಒಂದೇ ಮಾತು: ಮತ್ತು ಬರಿಸುವುದೆಲ್ಲ ಹರಾಮ್ ಎಂದು ಪ್ರವಾದಿಯವರು(ಸ) ಹೇಳಿಯಾಗಿದೆ. ಅದರಲ್ಲಿ ಚರ್ಚೆ ಇಲ್ಲ.)

ಈಗ ನಮ್ಮ ಮನೆಗಳಲ್ಲಿ ಆಗುವುದೇನು? ಉಮ್ಮನಿಗೆ ಮೊದಲು ಗೊತ್ತಾಗುತ್ತದೆ. ಬಾಪ ಗಲ್ಫ್‌ನಲ್ಲಿ, ಹೇಳಿದರೆ ರಕ್ತದೊತ್ತಡ ಏರುತ್ತದೆ ಎಂದು ಮುಚ್ಚಿಡುತ್ತಾರೆ. ಅಣ್ಣನ ಮದುವೆ ಮಾತುಕತೆ ನಡೆಯುತ್ತಿದೆ, ಹೊರಗೆ ತಿಳಿಯಬಾರದು. ಕೊನೆಗೆ ಮಾವಂದಿರು ಸೇರಿ ಹುಡುಗನಿಗೆ ಹೊಡೆದು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಇದು ತುಂಬಾ ಅಪಾಯ. ದಿನಾ ವಿಪರೀತ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಕಲಸಿ ಹೋಗಬಹುದು, ಪ್ರಾಣವೂ ಹೋಗಬಹುದು. ನಿದ್ರೆ ಮಾತ್ರೆಯ ಚಟಕ್ಕೂ ಇದೇ ಮಾತು. ಹೆರಾಯಿನ್ ಅಥವಾ ನೋವಿನ ಮಾತ್ರೆಗಳ ನಶೆಗೆ ಬಿದ್ದವನು ಕೆಲವು ವಾರ ಬಿಟ್ಟು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಏಕೆಂದರೆ ಅಷ್ಟನ್ನು ತಡೆಯುವ ಶಕ್ತಿ ಆಗ ದೇಹಕ್ಕೆ ಇರುವುದಿಲ್ಲ. ಆದ್ದರಿಂದ ಬಿಡಿಸುವ ಕೆಲಸ ವೈದ್ಯರದು. ಅಲ್ಲಾಹನು ರೋಗದ ಜೊತೆ ಔಷಧವನ್ನೂ ಇಳಿಸಿದ್ದಾನೆ ಎಂದು ನಂಬುವವರು ನಾವು. ದುಆ ಮಾಡಿಸಿಕೊಳ್ಳಲು ನನ್ನ ಬಳಿ ಬನ್ನಿ, ಆದರೆ ಆಸ್ಪತ್ರೆಗೂ ಹೋಗಿ.

ಇನ್ನೆರಡು “ಮದ್ದು” ನಮ್ಮಲ್ಲಿ ಪ್ರಸಿದ್ಧ. ಒಂದು, ಮದುವೆ ಮಾಡಿಸುವುದು. ಬೇರೆಯವರ ಮಗಳು ನಿಮ್ಮ ಮಗನ ಔಷಧವಲ್ಲ. ಇನ್ನೊಂದು, ಗಲ್ಫ್‌ಗೆ ಕಳುಹಿಸುವುದು. ಅಲ್ಲಿಯ ಮಾದಕ ವಸ್ತು ಕಾನೂನು ಎಷ್ಟು ಕಠಿಣ ಎಂದು ಅಲ್ಲಿ ದುಡಿದವರಿಗೆ ಗೊತ್ತು. ಚಟ ವಿಮಾನ ಹತ್ತುವಾಗ ಇಳಿದು ಹೋಗುವುದಿಲ್ಲ.

ಮಾತಾಡುವುದಾದರೆ ಅವನು ನಶೆಯಲ್ಲಿರುವಾಗ ಬೇಡ. ಬೆಳಿಗ್ಗೆ ಚಹಾ ಕುಡಿದ ಮೇಲೆ, ಒಬ್ಬರೇ ಕೂತು, ಕಡಿಮೆ ಮಾತಾಡಿ. ಏನು ತೆಗೆದುಕೊಳ್ಳುತ್ತೀ, ಯಾವಾಗಿನಿಂದ ಎಂದು ಕೇಳಿ. ಉತ್ತರ ಬಂದಾಗ ಕೈ ಎತ್ತಬೇಡಿ. ಕೈಗೆ ಹಣ ಕೊಡುವುದನ್ನು ನಿಲ್ಲಿಸಿ. ಅನ್ನ ಮತ್ತು ಹಾಸಿಗೆಯನ್ನು ನಿಲ್ಲಿಸಬೇಡಿ.

ಪೊಲೀಸ್ ಕೇಸ್ ಆಗುತ್ತದೆಂಬ ಹೆದರಿಕೆ ಹಲವರಿಗಿದೆ. ಚಿಕಿತ್ಸೆಗೆ ಕರೆತಂದರೆಂದು ವೈದ್ಯರು ಹುಡುಗನನ್ನು ಹಿಡಿದು ಕೊಡುವುದಿಲ್ಲ. 1985ರ ಎನ್‌ಡಿಪಿಎಸ್ ಕಾನೂನಿನ 64ಎ ಕಲಂ ಇನ್ನೂ ಒಂದು ರಕ್ಷಣೆ ಕೊಡುತ್ತದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಸರಕಾರಿ ಅಥವಾ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಮೊಕದ್ದಮೆಯಿಂದ ವಿನಾಯಿತಿ ಇದೆ. ಚಿಕಿತ್ಸೆಯನ್ನು ಪೂರ್ತಿಗೊಳಿಸಬೇಕು ಎಂಬುದು ಷರತ್ತು. ಮಾರುವವನ ವಿಷಯ ಬೇರೆ, ಅವನಿಗೆ ನಾವು ಆಸರೆ ಕೊಡಬಾರದು.

ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ನಶೆ ಬಿಡಿಸಲು ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಬೇಕಾಗಿಲ್ಲ.

ಮತ್ತೆ ಬಿದ್ದರೆ? ಬೀಳುವವರೇ ಹೆಚ್ಚು. ಆ ಹುಡುಗನೂ ಆಸ್ಪತ್ರೆಯಿಂದ ಬಂದ ಮೇಲೆ ಎರಡು ಸಲ ಬಿದ್ದ. ಎರಡನೆಯ ಸಲ ಅವನ ತಂದೆಯೇ ನನಗೆ ಫೋನ್ ಮಾಡಿದರು, ನಾವಿಬ್ಬರೂ ಸೇರಿ ಕರೆದುಕೊಂಡು ಹೋದೆವು. ಕಳೆದ ರಂಝಾನ್‌ನ ಒಂದು ರಾತ್ರಿ ತರಾವೀಹ್ ಮುಗಿಸಿ ಬರುವಾಗ ಅವನ ಕರೆ ಬಂತು. “ಉಸ್ತಾದ್, ಇವತ್ತಿಗೆ 90 ದಿವಸ” ಎಂದ. ಅಷ್ಟೇ ಹೇಳಿ ಫೋನ್ ಇಟ್ಟ.

ಪ್ರತಿ ಶನಿವಾರ ಇಶಾ ನಂತರ ಮಸೀದಿಯ ಹಿಂಬದಿಯ ಕೋಣೆಯಲ್ಲಿ ನಾನೊಬ್ಬನೇ ಇರುತ್ತೇನೆ. ಹಿಂದಿನ ಗೇಟಿನಿಂದಲೇ ಬರಬಹುದು. ಉಮ್ಮಂದಿರು ಬರುವುದಾದರೆ ನನ್ನ ಮನೆಗೆ ಬನ್ನಿ, ನನ್ನ ಪತ್ನಿ ಇರುತ್ತಾಳೆ. ಕಮಿಟಿಯವರಿಗೂ ಹೇಳುವುದಿಲ್ಲ.

ಯಾ ಅಲ್ಲಾಹ್, ನಮ್ಮ ಮಕ್ಕಳಿಗೆ ಶಿಫಾ ನೀಡು, ಅವರ ತಂದೆತಾಯಿಗೆ ಸಬ್ರ್ ನೀಡು, ಆ ದಿನ ನಾನು ಆಡಿದ ಮಾತನ್ನು ಕ್ಷಮಿಸು. ಆಮೀನ್.