ನೆಲೆಯಿಲ್ಲದ ಸ್ವರಗಳ ನೆಲೆ

ದೇಶ ಬಿಟ್ಟು ಹೊರಡುವವರು ಏನನ್ನು ಕೊಂಡೊಯ್ಯಬಲ್ಲರು? ಮನೆಯಾಗಲಿ ಪಿಯಾನೊವಾಗಲಿ ಪೆಟ್ಟಿಗೆಯಲ್ಲಿ ಹಿಡಿಯುವುದಿಲ್ಲ. ಕಿವಿಯಲ್ಲಿ ಉಳಿದದ್ದು ಮಾತ್ರ ಜೊತೆಗೆ ಬರುತ್ತದೆ. ಸಂಗೀತ ಸಂಯೋಜಕಿ ಉರ್ಸುಲಾ ಮಾಮ್ಲೋಕ್ ಅವರ ಬದುಕನ್ನು ನೆನೆದಾಗ ಈ ಮಾತು ಮನಸ್ಸಿಗೆ ಬರುತ್ತದೆ.

ಆಕೆ ಹುಟ್ಟಿದ್ದು 1923ರಲ್ಲಿ, ಬರ್ಲಿನ್ನಿನ ಯಹೂದಿ ಕುಟುಂಬವೊಂದರಲ್ಲಿ. ಬಾಲ್ಯದಲ್ಲೇ ಪಿಯಾನೊದ ಮುಂದೆ ಕುಳಿತು ಸ್ವಂತ ರಚನೆಗಳನ್ನು ಕಟ್ಟತೊಡಗಿದ್ದರು. ಹಿಟ್ಲರನ ಆಡಳಿತ ಯಹೂದಿ ಮಕ್ಕಳಿಗೆ ಶಾಲೆಯ ಬಾಗಿಲನ್ನು ಮುಚ್ಚಿತು. 1938ರ ನವೆಂಬರಿನಲ್ಲಿ ಪ್ರಾರ್ಥನಾಮಂದಿರಗಳು ಹೊತ್ತಿ ಉರಿದವು. ಮರುವರ್ಷ ಈ ಕುಟುಂಬ ದಕ್ಷಿಣ ಅಮೆರಿಕದ ಈಕ್ವೆಡಾರಿನಲ್ಲಿ ಆಶ್ರಯ ಪಡೆಯಿತು. ನ್ಯೂಯಾರ್ಕಿನ ಮ್ಯಾನೆಸ್ ಸಂಗೀತಶಾಲೆ ವಿದ್ಯಾರ್ಥಿವೇತನವಿತ್ತು ಕರೆದಾಗ, 17 ವರ್ಷದ ಹುಡುಗಿ ತಂದೆತಾಯಿಯರನ್ನು ಬಿಟ್ಟು ಒಬ್ಬಳೇ ಹೊರಟಳು. ಅಲ್ಲಿ ಜಾರ್ಜ್ ಸೆಲ್ ಅವರ ಬಳಿ ಪಾಠ. ಮುಂದೆ ಸ್ಟೆಫಾನ್ ವೋಲ್ಪೆ, ರಾಲ್ಫ್ ಶೇಪಿ ಮೊದಲಾದವರ ಮಾರ್ಗದರ್ಶನದಲ್ಲಿ ಹನ್ನೆರಡು ಸ್ವರಗಳ ಪದ್ಧತಿ ಅವರಿಗೆ ಒಲಿಯಿತು.

ಸ್ಥಾಯಿಯೊಂದರಲ್ಲಿ 12 ಸ್ವರಸ್ಥಾನಗಳೆಂಬುದು ನಮಗೆ ಹೊಸತಲ್ಲ. ನಾವು ಅವುಗಳಲ್ಲಿ ಕೆಲವನ್ನು ಆಯ್ದು, ಷಡ್ಜವನ್ನು ಆಧಾರವಾಗಿ ಹಿಡಿದು ರಾಗವನ್ನು ಬೆಳೆಸುತ್ತೇವೆ. ಆ ಪದ್ಧತಿಯಲ್ಲಾದರೋ ಯಾವ ಸ್ವರಕ್ಕೂ ಯಜಮಾನಿಕೆಯಿಲ್ಲ. ಹನ್ನೆರಡನ್ನೂ ಗೊತ್ತಾದ ಸಾಲಿನಲ್ಲಿ ನಿಲ್ಲಿಸಿ, ಆ ಸಾಲನ್ನು ಹಿಂದುಮುಂದಾಗಿ, ತಲೆಕೆಳಗಾಗಿ ನಡೆಸುತ್ತಾರೆ. ಆಧಾರಶ್ರುತಿಯಿಲ್ಲದ ಈ ಸಂಗೀತ ನೆಲೆ ಕಳೆದುಕೊಂಡವರ ಅಳಲೆಂದು ಹೇಳಿಬಿಡುವುದು ಸುಲಭ. ಆದರೆ ಮಾಮ್ಲೋಕ್ ಅವರ ರಚನೆಗಳಲ್ಲಿ ಗೋಳಾಟ ಕೇಳಿಸದು. ಅವು ಚಿಕ್ಕವು, ಮಿತಭಾಷಿಗಳು. 1963ರಲ್ಲಿ ರವೀಂದ್ರನಾಥ ಠಾಕೂರರ 'ಸ್ಟ್ರೇ ಬರ್ಡ್ಸ್' ಸಂಕಲನದ ಕಿರುನುಡಿಗಳನ್ನು ಅವರು ಹೆಣ್ಣುಕಂಠ, ಕೊಳಲು, ಚೆಲ್ಲೊಗಳಿಗೆ ಹೊಂದಿಸಿದರು. ಮಾತು ಕಡಿಮೆಯಾದಷ್ಟೂ ಅರ್ಥ ದೊಡ್ಡದಾಗುವ ಆ ಬರವಣಿಗೆ ಅವರ ಸ್ವಭಾವಕ್ಕೆ ಒಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ.

ಸುಮಾರು 40 ವರ್ಷ ಅವರು ಮ್ಯಾನ್‌ಹಟನ್ ಸಂಗೀತಶಾಲೆಯಲ್ಲಿ ಪಾಠ ಹೇಳಿದರು. ಬೇರೆ ವಿಶ್ವವಿದ್ಯಾಲಯಗಳಲ್ಲೂ ಕಲಿಸಿದರು. ಕ್ಯೂಬಾದಿಂದ ಬಂದ ಟಾನಿಯಾ ಲಿಯೋನ್ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಅವರ ಶಿಷ್ಯೆಯಾಗಿದ್ದರು. ಆ ಶಿಷ್ಯೆಗೆ 2021ರಲ್ಲಿ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂದಾಗ ಗುರು ಬದುಕಿರಲಿಲ್ಲ. ಊರು ಬಿಟ್ಟು ಬಂದ ಒಬ್ಬಾಕೆ ಊರು ಬಿಟ್ಟು ಬಂದ ಇನ್ನೊಬ್ಬಾಕೆಗೆ ದಾಟಿಸಿದ ವಿದ್ಯೆ ಅದು.

ಪತಿ ಡ್ವೈಟ್ ಮಾಮ್ಲೋಕ್ 2005ರಲ್ಲಿ ತೀರಿಕೊಂಡರು. ಮರುವರ್ಷ, 83ರ ವಯಸ್ಸಿನಲ್ಲಿ, ಆಕೆ ಬರ್ಲಿನ್ನಿಗೆ ಹಿಂದಿರುಗಿದರು. ತಮ್ಮನ್ನು ಹೊರದೂಡಿದ ಊರಿನಲ್ಲಿ ಮತ್ತೆ ಮನೆ ಹೂಡಿ, ಮತ್ತೆ ಬರೆದರು. ಅಲ್ಲಿಯ ಕಲಾವಿದರು ಅವರ ರಚನೆಗಳನ್ನು ನುಡಿಸಿದರು. 2016ರ ಮೇ ತಿಂಗಳಲ್ಲಿ ಅಲ್ಲೇ ಕಣ್ಣು ಮುಚ್ಚಿದರು. ಇದನ್ನು ಕ್ಷಮೆಯೆಂದು ಕರೆಯುವ ಅಧಿಕಾರ ನಮಗಿಲ್ಲ. ಅವರ ಸ್ವರಸಾಲುಗಳು ಎಷ್ಟೋ ಸಲ ಬಂದ ದಾರಿಯಲ್ಲೇ ಹಿಮ್ಮುಖವಾಗಿ ನಡೆದು ಮೊದಲ ಸ್ವರವನ್ನು ಮುಟ್ಟುತ್ತವೆ. ಸ್ವರ ಅದೇ, ನಡುವೆ ಕೇಳಿದ್ದೆಲ್ಲವನ್ನೂ ಹೊತ್ತ ನಮ್ಮ ಕಿವಿ ಮಾತ್ರ ಅದೇ ಆಗಿರುವುದಿಲ್ಲ.